ಉಡದ ಉಣ್ಣೆ

ಮಾನ್ಯ ಓದುಗರಲ್ಲಿ ಅರಿಕೆ. ನನ್ನ ಅಕ್ಷರ ದುಂಡಗಿಲ್ಲ. ದೀರ್ಘ, ಒತ್ತಕ್ಷರಗಳಲ್ಲಿ ತಪ್ಪುತ್ತೇನೆ. ಹೊಸದುರ್ಗ ತಾಲ್ಲೂಕಿನ ಒಂದು ದನದ ಆಸ್ಪತ್ರೆಯಲ್ಲಿ ಗುಮಾಸ್ತನಾಗಿ ಟಪಾಲು ಬರೆದದ್ದನ್ನು ಬಿಟ್ಟರೆ ಬೇರೆ ಬರವಣಿಗೆ ಅರಿಯೆ. ಆದಕಾರಣ ಮೊದಲೇ ಕ್ಷಮೆ ಕೋರಿ, ಕುರಿ ಕಾಯುತ್ತಿದ್ದ ಕೆಂಚಮ್ಮನವರ ವಿಷಯವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಸದರಿಯವರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪುಗೆಂಪಾಗಿರುತ್ತಿತ್ತು. ಕುರಿಯ ಕಿವಿಯೊಳಗೆ ಕಚ್ಚಿಕೊಂಡು, ರಕ್ತ ಕುಡಿದು ಉಬ್ಬಿದ ಹುಳುವನ್ನು ಕಿತ್ತು, ಎರಡು ಉಗುರುಗಳ ನಡುವೆ ಒತ್ತಿ 'ಚಟ್' ಎನ್ನಿಸುವುದು ಅವರ ದಿನನಿತ್ಯದ ಕೆಲಸ. ಅವರ ಹಟ್ಟಿ ಹಾಲುರಾಮೇಶ್ವರದ ಆಚೆಗಿತ್ತು. ಆಸ್ಪತ್ರೆಗೆ ಬಂದರೆ ಜಗಲಿಯ ಮೇಲೆ ಕುಳಿತು, ಯಾರ ಕುರಿಯಾದರೂ ಸರಿ, ಎಳೆದುಕೊಂಡು ಕಿವಿ ಮಗುಚಿ ನೋಡುವರು. "ಏನಪ್ಪ, ಹೆಂಡ್ತಿ ತಲೆ ಆದ್ರೂ ನೋಡ್ತೀಯೋ ಇಲ್ವೋ?" ಎಂದು ಕುರಿಯ ಒಡೆಯನನ್ನು ಎಲ್ಲರೆದುರು ಕೇಳುವರು.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಿ ಎರಡು ವರ್ಷ ಕಳೆದಿತ್ತು. ಬೆಂಗಳೂರಿನಿಂದ ಸಂಶೋಧನೆಯ ಡಾಕ್ಟರೊಬ್ಬರು ಬಂದರು. ಒಂದು ಬಗೆಯ ಜ್ವರದ ರೋಗಾಣು ಕಾಡಿನ ಉಡಗಳ ರಕ್ತದಲ್ಲೂ, ಅವುಗಳ ಮೈಗೆ ಕಚ್ಚಿದ ಹುಳುಗಳಲ್ಲೂ ಇದೆಯೇ ಎಂದು ಅವರು ಪರೀಕ್ಷಿಸಬೇಕಿತ್ತು. ಉಡ ಹಿಡಿದುಕೊಡಲು ಕೆಂಚಮ್ಮನವರು ಒಪ್ಪಿದರು.

"ಹಿಡ್ಕೊಡ್ತೀನಿ. ಆದ್ರೆ ಕೊಲ್ಲಂಗಿಲ್ಲ ಸ್ವಾಮಿ. ರಕ್ತ ತಗಂಡು, ಎಲ್ಲಿಂದ ತಂದಿದ್ನೋ ಅಲ್ಲೇ ಬಿಡ್ಬೇಕು."

ಕಳ್ಳಿಸಾಲಿನಲ್ಲಿ ಕಂಬಳಿ ಎಸೆದು ಮೊದಲ ಉಡವನ್ನು ತಂದವರೇ ಅದರ ಮುಂಗಾಲೆತ್ತಿ ತೋರಿಸಿದರು. "ನೋಡ್ರಿ, ಕಂಕುಳಾಗೆ ಹೆಂಗೆ ಕುಂತಾವೆ, ಸಂತೆಗೆ ಬಂದಂಗೆ!" ಎನ್ನುತ್ತ ಒಂದನ್ನು ಕಿತ್ತು ಚಟ್ಟೆನ್ನಿಸಿಯೇಬಿಟ್ಟರು.

ಡಾಕ್ಟರು ಗಾಬರಿಯಾಗಿ, "ಅಮ್ಮಾ, ಉಗುರಲ್ಲಿ ಒತ್ತಬೇಡಿ. ಅದರ ರಕ್ತ ಕೈಯ ಗಾಯಕ್ಕೆ ತಾಗಿದರೆ ನಿಮಗೇ ಜ್ವರ ಬಂದೀತು" ಎಂದರು.

"ನಾನು ಹುಟ್ಟಿದಾಗಿಂದ ಒತ್ತೀನಿ. ಜ್ವರಾನೇ ನನ್ ಕಂಡು ಓಡೋಗುತ್ತೆ ಬಿಡ್ರಿ."

ನಾನು ಶೀಸೆಗಳಿಗೆ ಚೀಟಿ ಬರೆಯುತ್ತ 'ಉಡದ ಉಣ್ಣೆ' ಎಂದು ಗಟ್ಟಿಯಾಗಿ ಓದಿದೆ. ಕೆಂಚಮ್ಮನವರಿಗೆ ನಗು ತಡೆಯಲಿಲ್ಲ.

"ಉಡಕ್ಕೆ ಯಾವಾಗ ಉಣ್ಣೆ ಬಂತು ಗುಮಾಸ್ತ್ರೇ? ಕತ್ರಿ ತರ್ರಿ ಹಂಗಾದ್ರೆ, ಅದ್ರದ್ದೂ ಒಂದು ಕಂಬ್ಳಿ ನೇಯಾಣ! ಉಣುಗು ಅಂತ ಬರೀರಿ."

"ನಿಘಂಟಿನಲ್ಲಿ ಕುರಿಯ ತುಪ್ಪಳಕ್ಕೂ ಉಣ್ಣೆ, ಈ ಹುಳುವಿಗೂ ಉಣ್ಣೆ ಎಂದೇ ಇದೆಯಮ್ಮ. ಉಣುಗು ಎಂಬುದು ಹಟ್ಟಿಯ ಮಾತು" ಎಂದೆ. ಕಚೇರಿಯ ಪತ್ರಗಳೆಲ್ಲ ಕನ್ನಡದಲ್ಲೇ ಇರತಕ್ಕದ್ದೆಂದು ಆಗಷ್ಟೇ ಸೂಚನೆ ಬಂದಿತ್ತು. ನನ್ನ ಕನ್ನಡದ ಬಗ್ಗೆ ನನಗೆ ಹೆಮ್ಮೆಯಿತ್ತು.

ಡಾಕ್ಟರು ಮರಳಿದ ಮೇಲೆ, ಉಳಿದ ಶೀಸೆಗಳನ್ನು ಚಿತ್ರದುರ್ಗದ ಮೇಲಿನ ಕಚೇರಿಯ ಮೂಲಕ ಅವರಿಗೆ ತಲುಪಿಸುವುದು ನನ್ನ ಪಾಲಿಗೆ ಬಂತು. 'ಕುರಿ ಹಾಗೂ ಉಡದ ಉಣ್ಣೆಯ ಮಾದರಿಗಳನ್ನು ಇದರೊಂದಿಗೆ ಲಗತ್ತಿಸಿದೆ' ಎಂದು ಬರೆದು ಮೊಹರು ಹಾಕಿದೆ.

ಅದೇ ವಾರ ಕೆಂಚಮ್ಮನವರು ಜ್ವರದಿಂದ ಮಲಗಿದರು. ಅಂಗೈ, ಅಂಗಾಲುಗಳಲ್ಲಿ ಕೆಂಪು ಚುಕ್ಕೆಗಳೆದ್ದವು. ನಾನು ಹೋದಾಗ ಅವರ ಮಗಳು ರಂಗಮ್ಮ ಬಾಗಿಲಿಗೆ ಬೇವು ಕಟ್ಟಿದ್ದಳು.

"ಅಮ್ಮ ಬಂದವ್ಳೆ. ಸೂಜಿ ಚುಚ್ಚಿದ್ರೆ ಮುನಿಸ್ಕಂತಾಳೆ" ಎಂದಳು.

"ಇದು ಉಡದ ಮೈಯ ಹುಳುವಿನಿಂದ ಬಂದ ಜ್ವರ ಇರಬಹುದಮ್ಮ. ಆಸ್ಪತ್ರೆಗೆ ಸೇರಿಸೋಣ."

"ಹಂಗಂತ ಆ ಡಾಕ್ಟ್ರು ಕಾಗ್ದ ಬರೀಲಿ. ಆಗ ಕರ್ಕಂಡೋಗಾಣ."

ಶೀಸೆಗಳ ಪರೀಕ್ಷೆಯಾದರೆ ಆ ಕಾಗದ ತಾನೇ ಬರುತ್ತದೆಂದು ಕಾದೆ. ಹತ್ತನೆಯ ದಿನ ಮೇಲಿನ ಕಚೇರಿಯಿಂದ ಉತ್ತರ ಬಂತು: 'ತಾವು ಕಳುಹಿಸಿದ ಉಣ್ಣೆಯು ತೂಕಕ್ಕೆ ಸಾಲದು. ಹೆಚ್ಚಿನ ಉಣ್ಣೆಯನ್ನು ಚೀಲದಲ್ಲಿ ಕಳುಹಿಸತಕ್ಕದ್ದು.'

ಬಸ್ಸು ಹಿಡಿದು ದುರ್ಗಕ್ಕೆ ಓಡಿದೆ. ಶೀಸೆಗಳು ಮೇಲಿನ ಕಚೇರಿಯ ತುಪ್ಪಳದ ವಿಭಾಗದಲ್ಲಿ, ಕಂಬಳಿಯ ನಮೂನೆಗಳ ಪಕ್ಕ, ಕಟ್ಟು ಬಿಚ್ಚದೆ ಕುಳಿತಿದ್ದವು. ಅಂಚೆ ಕಚೇರಿಯಿಂದ ಡಾಕ್ಟರಿಗೆ ಟ್ರಂಕ್ ಕಾಲ್ ಮಾಡಿದೆ.

"ಶೀಸೆ ಹಾಗಿರಲಿ, ಆ ತಾಯಿಯನ್ನು ಮೊದಲು ಆಸ್ಪತ್ರೆಗೆ ಸೇರಿಸಿ! ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದರು. ಕೊಡಬೇಕಾದ ಔಷಧದ ಹೆಸರನ್ನು ತಂತಿಯಲ್ಲೂ ಕಳುಹಿಸಿದರು. ಆ ಟ್ರಂಕ್ ಕಾಲನ್ನು ನಾನು ಮೊದಲ ದಿನವೇ ಮಾಡಬಹುದಿತ್ತು. ಪತ್ರಕ್ಕೆ ಪತ್ರವೇ ಉತ್ತರವೆಂದು ಕುಳಿತಿದ್ದೆ.

ತಂತಿ ಓದಿ ಹೇಳಿದ ಮೇಲೆ ರಂಗಮ್ಮ ಒಪ್ಪಿದಳು. ಕೆಂಚಮ್ಮನವರು ಬದುಕಿದರು, ಆದರೆ ಎರಡೂ ಕಿವಿ ಹೋದವು. ಉಡಗಳ ರಕ್ತದಲ್ಲೂ ಅವುಗಳ ಮೈಯ ಹುಳುಗಳಲ್ಲೂ ರೋಗಾಣು ಇದ್ದದ್ದು ನಿಜವೆಂದು ಡಾಕ್ಟರು ಆಮೇಲೆ ತಿಳಿಸಿದರು. ಉಡಗಳಿಗೆ ಮಾತ್ರ ಅದರಿಂದ ಏನೂ ಆದಂತೆ ಕಾಣಲಿಲ್ಲವಂತೆ.

ನನಗೆ ಹಿರಿಯೂರಿಗೆ ವರ್ಗವಾದಾಗ ಹಟ್ಟಿಗೆ ಹೋಗಿ ಬಂದೆ. ಅದೇ ಕಡೆಯ ಭೇಟಿ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಮರಿಯ ಕಿವಿಯಿಂದ ಉಣುಗು ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುತ್ತಿದ್ದರು. ನಾನು ಕೈಮುಗಿದು ನಿಂತು, "ತಪ್ಪು ನನ್ನದು ಕೆಂಚಮ್ಮ. ನೀವು ಹೇಳಿದಂತೆ ಬರೆದಿದ್ದರೆ ನಿಮಗೆ ಹೀಗಾಗುತ್ತಿರಲಿಲ್ಲ" ಎಂದೆ.

ನನ್ನ ತುಟಿಯನ್ನೇ ನೋಡಿ, ತಲೆದೂಗಿ, ಕೂಗಿ ಹೇಳಿದರು: "ಹೂಂ ಮತ್ತೆ, ಈ ಸಲ ಮಳೆ ಚೆನ್ನಾಗೈತೆ! ಕುಂತ್ಕಳ್ರಿ, ಮಜ್ಜಿಗೆ ಕುಡೀರಿ."

ಒಳಗಿದ್ದ ರಂಗಮ್ಮ ಮಜ್ಜಿಗೆ ತಂದು, "ಏನಂದ್ರಿ? ಸನ್ನೆ ಮಾಡಿ ಹೇಳ್ಲಾ?" ಎಂದು ಕೇಳಿದಳು.

ಬೇಡವೆಂದೆ. ಬಸ್ಸಿಗೆ ಹೊತ್ತಾಯಿತೆಂದೆ.

ಅವರಿಗೆ ಓದಲು ಬಾರದು. ಅಂದು ತಿಳಿಸದೆ ಬಂದದ್ದನ್ನು ತಮ್ಮ ಮುಂದಿಟ್ಟಿದ್ದೇನೆ. ಇದರಲ್ಲಿ ಯಾವುದೇ ಪದ ತಪ್ಪಾಗಿದ್ದಲ್ಲಿ, ತಾವು ಯಾರೇ ಆಗಿರಲಿ, ಕೂಡಲೇ ತಿದ್ದಬೇಕಾಗಿ ಕೋರುತ್ತೇನೆ.