ಸಿಸ್ಟರಮ್ಮನ ಅಳತೆ

ಅವರ ಬೆರಳ ತುದಿಗಳು ಸದಾ ಸುಕ್ಕುಗಟ್ಟಿರುತ್ತಿದ್ದವು, ಅಷ್ಟು ಸಲ ಕೈ ತೊಳೆಯುತ್ತಿದ್ದರು. ಚಳ್ಳಕೆರೆಯ ಆಸ್ಪತ್ರೆಯೊಂದರ ಆ ಹಿರಿಯ ನರ್ಸನ್ನು ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದರು. ಅವರು ಕುಳಿತದ್ದನ್ನು ನಾನು ನೋಡಲೇ ಇಲ್ಲ. ರೋಗಿಯ ಮುಖಕ್ಕಿಂತ ಮೊದಲು ಮಂಚದ ಕೆಳಗಿನ ಉಚ್ಚೆಯ ಜಗ್ ನೋಡುತ್ತಿದ್ದರು. ಇದೆಂಥ ಹೆಂಗಸಪ್ಪ ಎಂದು ನನಗೆ ಮೊದಮೊದಲು ಅಸಹ್ಯವಾಗಿತ್ತು.

ಸಿದ್ದಾಪುರದ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಅಪ್ಪನಿಗೆ ಕೊಳಕುಮಂಡಲ ಹಾವು ಕಚ್ಚಿತ್ತು. ವಿಷಕ್ಕೆ ಮದ್ದು ಬಿದ್ದು ಜೀವ ಉಳಿದಿತ್ತು, ಆದರೆ ಕಿಡ್ನಿ ಸೋಲುತ್ತಿತ್ತು. ಆ ಸೋಲಿಗೂ ಮೂರು ಹಂತಗಳಿವೆಯೆಂದು ಬಿಡಿಸಿ ಹೇಳಿದವರು ಸಿಸ್ಟರಮ್ಮ.

"ರಕ್ತದಾಗೆ ಕ್ರಿಯಾಟಿನಿನ್ ಅನ್ನೋ ಕಸ ಎಷ್ಟು ಪಟ್ಟು ಏರೈತೆ, ಉಚ್ಚೆ ಎಷ್ಟು ಇಳಿದೈತೆ, ಎರಡೂ ನೋಡ್ಬೇಕಮ್ಮ. ರಿಪೋರ್ಟು ನಾಳೆ ಹೇಳೋದನ್ನ ಉಚ್ಚೆ ಇವತ್ತೇ ಹೇಳ್ತೈತೆ. ನಿಮ್ಮಪ್ಪ ಐವತ್ತು ಕೆ.ಜಿ. ಗಂಟೆಗೆ ಇಪ್ಪತ್ತೈದು ಎಂ.ಎಲ್. ಆದ್ರೂ ಬರ್ಬೇಕು. ಈಗ ಎರಡನೇ ಹಂತ. ಮೂರಕ್ಕೆ ಹೋದ್ರೆ ಡಯಾಲಿಸಿಸ್‌ಗೆ ದಾವಣಗೆರೆಗೆ ಕಳಿಸ್ತೀವಿ."

ಅವರು ಅತ್ತ ಹೋದದ್ದೇ ಅಪ್ಪ ನನ್ನ ಕೈ ಹಿಡಿದುಕೊಂಡ. "ವದ್ದು ತಲ್ಲಿ, ಬ್ಯಾಡ ತಾಯಿ, ಕಳಿಸ್ಬೇಡ. ಮಿಷನ್ನಿಗೆ ಹಾಕಿದೋರು ವಾಪಸ್ ಬರಲ್ಲ."

ಅಳೆದು ಚೀಟಿಯಲ್ಲಿ ಬರೆಯುವ ಕೆಲಸ ನನ್ನದು. ಮರುದಿನ ಬೆಳಿಗ್ಗೆ ನೋಡಿದರೆ ಜಗ್ಗಿನ ತಳವೂ ಮುಚ್ಚಿರಲಿಲ್ಲ. ಇಷ್ಟನ್ನೇ ಬರೆದರೆ ಅಪ್ಪನನ್ನು ಕಳಿಸಿಬಿಡುತ್ತಾರೆ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಒಂದಿಷ್ಟು ನೀರು ಬೆರೆಸಿದೆ. ಆಮೇಲೆ ಪ್ರತಿ ಸಲವೂ ಅದನ್ನೇ ಮಾಡಿದೆ.

ಮಧ್ಯಾಹ್ನ ಸಿಸ್ಟರಮ್ಮ ಬಂದರು. "ಈಗಷ್ಟೇ ಹೋಯ್ತು ನೋಡ್ರಿ" ಎಂದು ಜಗ್ ತೋರಿಸಿದೆ. ಅವರು ಅದರ ಹೊರಮೈಗೆ ಅಂಗೈ ಒತ್ತಿದರು. ಆಗಷ್ಟೇ ಬಂದದ್ದು ಬೆಚ್ಚಗಿರಬೇಕು, ಅದು ತಣ್ಣಗಿತ್ತು. ನನ್ನ ರಟ್ಟೆ ಹಿಡಿದು ಬಾಗಿಲಾಚೆ ಎಳೆದೊಯ್ದರು.

"ಯಾವಾಗಿಂದ ನೀರು ಹಾಕ್ತಿದೀಯಾ?"

"ಬೆಳಿಗ್ಗೆಯಿಂದ."

"ನೀನು ಬರೆದಿದ್ದನ್ನ ನಂಬಿ ನಿಮ್ಮಪ್ಪನ್ನ ಇಲ್ಲೇ ಮಲಗ್ಸಿದೀವಲ್ಲೇ ತಾಯಿ!"

ಅಷ್ಟೇ ಅಂದದ್ದು. ನನ್ನ ಅಂಕಿಗಳಿಗೆಲ್ಲ ಗೆರೆ ಎಳೆದು, ಚೀಟಿ ಹಿಡಿದು ಡಾಕ್ಟರ ಕೋಣೆಗೆ ಓಡಿದರು. ಸಂಜೆಯೊಳಗೆ ಅಪ್ಪ ದಾವಣಗೆರೆಯ ದಾರಿಯಲ್ಲಿದ್ದ. ಮೂರು ವಾರ ಡಯಾಲಿಸಿಸ್ ಆಗಿ, ತನ್ನ ಕಾಲ ಮೇಲೆ ನಡೆದುಕೊಂಡೇ ಮನೆಗೆ ಬಂದ.

ಚಳ್ಳಕೆರೆ ಆಸ್ಪತ್ರೆಗೆ ಮತ್ತೆ ತೋರಿಸಲು ಹೋದಾಗ ಸಿಸ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದಿದ್ದರು. "ನಿಮ್ಮಪ್ಪಗೆ ನಾನೇನೂ ಹೇಳಿಲ್ಲ. ಹೇಳೋದು ನಿನಗೆ ಸೇರಿದ್ದು."

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಅಪ್ಪನೂ ಬಂದಿದ್ದ. ಅಲ್ಲಿದ್ದವರಿಗೆಲ್ಲ ಕಣ್ಣೊರೆಸಿಕೊಳ್ಳುತ್ತಾ ಹೇಳುತ್ತಿದ್ದ: "ಈಯಮ್ಮ, ನನ್ನ ಮಗಳು, ಇಬ್ರೂ ಉಚ್ಚೆ ಅಳೆದು ಅಳೆದು ನನ್ನ ಜೀವ ಉಳಿಸಿದ್ರು."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ.