ಸ್ಕ್ರೂ ಸಾಹೇಬನ ಸೀಲು

ಬೀದಿಯವರೆಲ್ಲ ಅವನನ್ನು ಸ್ಕ್ರೂ ಸಾಹೇಬ ಎಂದೇ ಕರೆಯುತ್ತಿದ್ದರು. ಬಿರುದೇನೂ ಪುಕ್ಕಟೆ ಬಂದದ್ದಲ್ಲ. ಅವನು ಜೋಡಿಸಿದ ಯಾವ ಕಂಪ್ಯೂಟರಿನಲ್ಲೂ ಕೊನೆಗೆ ಒಂದು ಸ್ಕ್ರೂ ಮಿಗದೇ ಇದ್ದದ್ದಿಲ್ಲ. ಅದನ್ನು ಗಿರಾಕಿಯ ಕೈಗಿಟ್ಟು, "ಇಟ್ಕೊಳ್ಳಿ, ಬೇಕಾಗತ್ತೆ" ಎನ್ನುತ್ತಿದ್ದ. ಯಾವುದಕ್ಕೆ ಎಂದು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಅಂಗಡಿಯೋ, ಮಂಚ ಹಾಕಿದರೆ ಬಾಗಿಲು ಮುಚ್ಚಲಾಗದಂಥ ಕೋಣೆ. ಗಿರಾಕಿ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತು ಕಂಪ್ಯೂಟರಿನ ಡಬ್ಬದೊಳಕ್ಕೆ ಟಾರ್ಚ್ ಹಿಡಿಯಬೇಕು. ಅದು ಅಲ್ಲಿನ ಪದ್ಧತಿ. ಡಬ್ಬದ ಪಕ್ಕದ ಮುಚ್ಚಳವನ್ನಂತೂ ಸಾಹೇಬ ಹಾಕುತ್ತಲೇ ಇರಲಿಲ್ಲ, ಹಳೇ ಪೇಪರಿನಲ್ಲಿ ಸುತ್ತಿ ಬೇರೆ ಕೊಡುತ್ತಿದ್ದ. ಹೇಗೂ ಮತ್ತೆ ಬಿಚ್ಚಬೇಕಲ್ಲ! ಟೈಪಿಂಗ್ ಶಾಲೆಯ ವಯಸ್ಸಾದ ಮೇಡಂ ಹೀಗೆ ಟಾರ್ಚ್ ಹಿಡಿದೂ ಹಿಡಿದೂ, ತಮ್ಮ ಯಂತ್ರ ಕೆಟ್ಟರೆ ಧೂಳು ಊದಿ, ವೈರು ಒತ್ತಿ ತಾವೇ ಸರಿಮಾಡಿಕೊಳ್ಳುವಷ್ಟಾಗಿದ್ದರು.

ಹೀಗಿರುವಾಗ ಎದುರಿಗೆ ದೊಡ್ಡ ಕಂಪನಿಯ ಶೋರೂಮು ಬಂದು ವಕ್ಕರಿಸಿತು. ತಾನಾಗಿ ತೆರೆಯುವ ಗಾಜಿನ ಬಾಗಿಲು. ಒಳಗೆ ಟೈ ಕಟ್ಟಿದ ಮಹಾಪಂಡಿತರು. ಕಂಪ್ಯೂಟರಿನ ಬಗ್ಗೆ ಏನು ಕೇಳಿದರೂ ಅದರ ಬಣ್ಣ ಹೇಳುತ್ತಿದ್ದರು. ಪ್ರತಿ ಯಂತ್ರದ ಬೆನ್ನಿಗೂ ಒಂದು ಸೀಲು: ಕಿತ್ತರೆ ವಾರಂಟಿ ಇಲ್ಲ. ಆಹಾ, ಗಿರಾಕಿಯ ಮೇಲೆ ಎಂಥ ನಂಬಿಕೆ!

ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಜಾರಿದರು. ಉಳಿದವರು ಮೇಡಂ ಒಬ್ಬರೇ. ಅವರ ಶಾಲೆಯ ಹೊಸ ಕೋಣೆಗೆ ಯಂತ್ರಗಳು ಬೇಕಿದ್ದವು. ಆ ಕೆಲಸ ಕೈತಪ್ಪಿದರೆ ಅಂಗಡಿಗೆ ಬೀಗವೇ ಗತಿ. ಸಾಹೇಬನಿಗೆ ಹೆದರಿಕೆಯಾಯಿತು. ಹೆದರಿದವನಿಗೆ ಬರುವಂಥದೇ ಬುದ್ಧಿ ಬಂತು.

"ನಾನೂ ಸೀಲು ಹಾಕ್ತೀನಿ ಕಣೇ," ಎಂದ ಹೆಂಡತಿಗೆ. "ಕಂಪನಿಯವರ ಥರ. ಮುಚ್ಚಳ ಬಿಗಿದು, ಮೇಲೊಂದು ಸೀಲು. ಒಂದು ಗತ್ತು ಬೇಡ್ವಾ?"

"ನಿಮಗೆ ತಲೆ ಕೆಟ್ಟಿದೆ ಅಂತ ಅಕ್ಕಪಕ್ಕದವರು ಹೇಳ್ತಾನೇ ಇದ್ರು, ನಾನೇ ನಂಬಿರ್ಲಿಲ್ಲ."

ಅವಳ ಮಾತನ್ನು ಅವನು ಯಾವತ್ತು ಕೇಳಿದ್ದ? ಫಳಫಳ ಹೊಳೆಯುವ ಸೀಲುಗಳು ಅಚ್ಚಾಗಿ ಬಂದವು. ಮಾದರಿಗೆಂದು ಒಂದು ಯಂತ್ರ ಜೋಡಿಸಿದ. ಜನ್ಮದಲ್ಲಿ ಮೊದಲ ಸಲ ಎಲ್ಲ ಸ್ಕ್ರೂಗಳನ್ನೂ ಬಿಗಿದು, ಸೀಲು ಅಂಟಿಸಿ, ಸ್ಟೂಲನ್ನು ಮೇಜಿನಡಿಗೆ ನೂಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತ.

ಮೇಡಂ ಬಂದರು. ಸ್ಟೂಲಿಗಾಗಿ ಅತ್ತಿತ್ತ ನೋಡಿ ನಿಂತೇ ಇದ್ದರು.

"ಇದೇನಪ್ಪ, ಮುಚ್ಚಿಬಿಟ್ಟಿದ್ದೀಯ? ಟಾರ್ಚ್ ಕೊಡು, ಒಳಗೇನು ಹಾಕಿದ್ದೀಯ ನೋಡೋಣ."

"ಬಿಚ್ಚೋ ಹಾಗಿಲ್ಲ ಮೇಡಂ. ವಾರಂಟಿ ಹೋಗತ್ತೆ."

"ಮಿಕ್ಕಿದ ಸ್ಕ್ರೂ?"

"ಮಿಕ್ಕಿಲ್ಲ."

ಮೇಡಂಗೆ ಈಗ ನಿಜವಾಗಿಯೂ ಅನುಮಾನ ಬಂತು. "ಸರಿ, ಕೆಟ್ರೆ?"

"ಫೋನ್ ಮಾಡಿ. ನಾವು ಬಂದು ನೋಡ್ತೀವಿ."

ತನ್ನನ್ನು ತಾನೇ ‘ನಾವು’ ಎಂದುಕೊಂಡದ್ದು ಸಾಹೇಬನಿಗೆ ಬಹಳ ಹಿಡಿಸಿತು.

"ಅಲ್ಲಪ್ಪ, ಮುಚ್ಚಿದ ಡಬ್ಬಾನೇ ತಗೊಳ್ಳೋದಾದ್ರೆ ಎದುರುಗಡೆ ಇದೆಯಲ್ಲ," ಎಂದರು ಮೇಡಂ, ಬೇಸರದಿಂದಲೇ. "ಅಲ್ಲಿ ಕೂರೋಕೆ ಕುರ್ಚಿನಾದ್ರೂ ಕೊಡ್ತಾರೆ."

ಅವರು ರಸ್ತೆ ದಾಟಿದರು. ಗಾಜಿನ ಬಾಗಿಲು ತಾನಾಗಿ ತೆರೆಯಿತು.

ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದಳು. ಒಳಗೆ ಬಂದವಳೇ ಡಬ್ಬಿಯ ಚಮಚ ತೆಗೆದು ಸೀಲನ್ನು ಕೆರೆಯತೊಡಗಿದಳು.

"ಏಯ್, ಏಯ್! ವಾರಂಟಿ ಹೋಗತ್ತೆ ಕಣೇ!"

"ಹೋಗ್ಲಿ ಬಿಡ್ರಿ," ಎಂದಳು ಅವಳು, ಕೆರೆಯುತ್ತಲೇ. "ಮೇಡಮ್ಮೇ ಹೋದ್ರು."