ಶಾಂತವ್ವನ ವಹಿಯಲ್ಲಿದ್ದ ಹಿರಿಯರು

ಇವತ್ತು ಹಾನಗಲ್ಲಿಗೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಯಾರದೋ ಫೋನ್ ನಂಬರನ್ನು ಅಂಗೈ ಮೇಲೆ ಬರೆದುಕೊಂಡಳು. ಅದನ್ನು ನೋಡಿ ನನಗೆ, ಕಂಡದ್ದನ್ನೆಲ್ಲ ಕೂಡಲೇ ಬರೆದಿಡುವ ಮಾಸೂರಿನ ಶಾಂತವ್ವ ನೆನಪಾದಳು. ಗುರು ನಾನು, ಶಿಷ್ಯೆ ಅವಳು ಎಂದು ಊರವರೆಲ್ಲ ತಿಳಿದಿದ್ದ ಕಾಲದ ಮಾತು ಇದು.

ನಾನು ಶಿಗ್ಗಾಂವಿಯ ವಕೀಲ. ಮೆರವಣಿಗೆ, ಧರಣಿಗಳಲ್ಲಿ ನಿಂತು ಕಂಡದ್ದನ್ನು ಬರೆದಿಡುವ ಕಾನೂನು ವೀಕ್ಷಕರನ್ನು ತಯಾರು ಮಾಡುತ್ತಿದ್ದೆ. ಹಳದಿ ಜಾಕೀಟು ತೊಟ್ಟು ಗುಂಪಿನ ಅಂಚಿನಲ್ಲಿ ನಿಲ್ಲಬೇಕು. ಘೋಷಣೆ ಕೂಗಬಾರದು, ಯಾರನ್ನೂ ಬಿಡಿಸಲು ನುಗ್ಗಬಾರದು. ಗಡಿಯಾರ ನೋಡಿ ವಹಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಬರೆಯಬೇಕು. ಹೆಸರು ಬೇಡ, ಕಂಡ ಗುರುತು ಸಾಕು. ಭಾನುವಾರ ಸವಣೂರಿನಲ್ಲಿ ತರಬೇತಿ. ನಡುವೆ ಚಹಾ, ಚುರಮುರಿ, ಆಮೇಲೆ ಮುಗಿಯದ ನನ್ನ ಭಾಷಣ. “ನೆನಪು ಸುಳ್ಳು ಹೇಳತೈತಿ, ವಹಿ ಹೇಳೂದಿಲ್ಲ” ಎನ್ನುವಾಗ ನನ್ನ ದನಿ ನನಗೇ ಬಹಳ ಇಷ್ಟವಾಗುತ್ತಿತ್ತು.

ಶಾಂತವ್ವ ಹೊಲಿಗೆ ಕೆಲಸದವಳು. ಮುಖಕ್ಕಿಂತ ಮೊದಲು ಅಂಗಿ ನೋಡುವ ಕಣ್ಣು. “ಮಂದಿ ಹೊಡ್ತಾ ತಿನ್ನಾಕತ್ತಾಗ ಸುಮ್ನ ನೋಡ್ಕೋಂತ ನಿಂದ್ರೂದು ಹ್ಯಾಂಗ್ರಿ ಸರ?” ಎಂದು ಮೊದಲ ದಿನವೇ ಕೇಳಿದಳು.

“ನಿಂದ್ರಬೇಕವಾ. ನಾ ನಿಂತಿಲ್ಲೇನು?” ಎಂದು ಮೀಸೆ ತಿರುವಿದೆ.

ನಾವು ಕೆಲಸ ಮಾಡುವ ನಾಲ್ಕು ತಾಲ್ಲೂಕುಗಳ ಪೈಕಿ ಒಂದರಲ್ಲಿ, ಯಾವುದೆಂದು ಕೇಳಬೇಡಿ, ಕೂಲಿ ಕೆಲಸ ಕೊಡಿ ಎಂದು ಮೆರವಣಿಗೆ ನಡೆಯಿತು. ವೀಕ್ಷಕರ ಜೊತೆ ನಾನೂ ಹೋಗಿದ್ದೆ, ಜಾಕೀಟು ಮಾತ್ರ ತೊಟ್ಟಿರಲಿಲ್ಲ. ನೂಕುನುಗ್ಗಲಾಗಿ ಲಾಠಿ ಎದ್ದವು. ಒಬ್ಬ ಪೇದೆ ಬಿದ್ದು ಕೈ ಮುರಿದುಕೊಂಡ. ಕೆಡವಿದವನು ಇವನೇ ಎಂದು ತಡಸದ ಫಕೀರಪ್ಪನನ್ನು ಒಳಗೆ ಹಾಕಿದರು. ಅವನ ವಕೀಲ ನಾನೇ. ಅವನ ಹೆಂಡತಿ ದಿನವೂ ನನ್ನ ಆಫೀಸಿನ ಕಟ್ಟೆಗೆ ಬಂದು ಕೂರುತ್ತಿದ್ದಳು.

ಮುಂದಿನ ಭಾನುವಾರ ಎಲ್ಲರ ವಹಿ ತರಿಸಿ ಗಟ್ಟಿಯಾಗಿ ಓದತೊಡಗಿದೆ. ಶಾಂತವ್ವ ಬರೆದಿದ್ದಳು: “ಹನ್ನೊಂದು ನಲವತ್ತು. ಬಿಳಿ ಅಂಗಿ, ಎಡ ತೋಳಿನ ಹೊಲಿಗೆ ಬಿಟ್ಟ ಹಿರಿಯರು ಪೇದೆಯ ಲಾಠಿ ಹಿಡಿದು ಜಗ್ಗಿದರು. ಪೇದೆ ಬಿದ್ದರು. ನೀಲಿ ಟವೆಲಿನವರು ದೂರ ಇದ್ದರು.” ನೀಲಿ ಟವೆಲು ಫಕೀರಪ್ಪನದು. ನಾನು ಕುಣಿಯುವುದೊಂದು ಬಾಕಿ.

“ಯಾರವಾ ಈ ಹಿರಿಯಾ? ತಾ ಮಾಡಿ ಇನ್ನೊಬ್ಬನ್ನ ಒಳಗ ಹಾಕಿಸ್ಯಾನ, ನಾಚಿಕಿ ಇಲ್ಲದಾಂವಾ!”

ಎಲ್ಲರೂ ನೆಲ ನೋಡತೊಡಗಿದರು. ಹಿರಿಯರ ತಪ್ಪನ್ನು ಅವರೆದುರೇ ಆಡುವ ರೂಢಿ ನಮ್ಮ ಕಡೆ ಇಲ್ಲ. ನಾನು ಬಿಡಲಿಲ್ಲ, ಮತ್ತೆ ಬೈದೆ. ಕೊನೆಗೆ ಶಾಂತವ್ವ ಸೆರಗು ಸರಿಮಾಡಿಕೊಂಡು ಎದ್ದಳು.

“ಅದು ನೀವ ರೀ ಸರ.”

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. “ನಿಮಗ ಗೊತ್ತಿರತೈತಿ, ದೊಡ್ಡವರು ಫಕೀರಪ್ಪನ್ನ ಬಿಡಿಸಾಕ ಏನರ ದಾರಿ ಹುಡುಕಾಕತ್ತಾರ ಅಂತ ಸುಮ್ನಿದ್ವಿರಿ” ಎಂದಳು.

ನನ್ನ ನೆನಪಿನಲ್ಲಿ ನಾನು ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದೆ. ಮನೆಗೆ ಬಂದವನೇ ಮೆರವಣಿಗೆಯ ದಿನ ತೊಟ್ಟಿದ್ದ ಬಿಳಿ ಅಂಗಿ ತೆಗೆದು ನೋಡಿದೆ. ಎಡ ತೋಳಿನ ಹೊಲಿಗೆ ಬಿಟ್ಟಿತ್ತು. ಬೇಕೆಂದೇ ಸುಳ್ಳು ಹೇಳಿದ್ದರೆ ತಪ್ಪಾಯಿತು ಎನ್ನಬಹುದಿತ್ತು. ಮರದ ಕೆಳಗೇ ಇದ್ದೆನೆಂದು ನಾನು ನಂಬಿಯೇ ಇದ್ದೆನಲ್ಲ! ಆ ನಂಬಿಕೆಯಲ್ಲಿ ಒಂದು ವಾರ ಚೆನ್ನಾಗಿ ಉಂಡು ಮಲಗಿದ್ದೆ, ಫಕೀರಪ್ಪ ಜೈಲಿನಲ್ಲಿದ್ದ.

ಮರುದಿನವೇ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ. ಅವನು ಹೊರಬಂದ, ಕೇಸು ಈಗ ನನ್ನ ಮೇಲಿದೆ.

ಬಸ್ಸು ಹಾನಗಲ್ ಮುಟ್ಟಿತು. ಇಲ್ಲಿನ ತರಬೇತಿ ಶಾಂತವ್ವನದು. ನನಗೆ ಐದು ನಿಮಿಷ ಕೊಟ್ಟಿದ್ದಾಳೆ. ಹೊಸಬರ ಮುಂದೆ ಎದ್ದು ನಿಂತು ಹೇಳಬೇಕು: ಲಾಠಿ ಜಗ್ಗಿದವನು ನಾನು. ಇವತ್ತಿಗೂ ನನಗೆ ಅದು ನೆನಪಿಲ್ಲ.